ಟರ್ಕಿಗಳು ಶೆಡ್ಡಿನೊಳಗೆ ಕೂರುತ್ತಿಲ್ಲ, ಹುಂಜ ಕುಂಟುತ್ತಿದೆ: ಅಡ್ಡಪಟ್ಟಿ ಹೇಗೆ ಕಟ್ಟಬೇಕು?

ಹಿತ್ತಿಲಹುಂಜ:
ಎಲ್ಲರಿಗೂ ನಮಸ್ಕಾರ. ಮನೆಯ ಹಿಂದೆ ಎರಡು ಹುಂಜ, ಏಳು ಹೇಂಟೆ ಟರ್ಕಿ ಸಾಕಿದ್ದೇನೆ. ಅಗಲ ಎದೆಯ ಕಂಚುಬಣ್ಣದ ತಳಿ. ದೊಡ್ಡ ಹುಂಜ 14 ಕೆ.ಜಿ. ತೂಗುತ್ತದೆ, ಹೇಂಟೆಗಳು 7ರ ಆಸುಪಾಸು. ಶೆಡ್ಡು 10 ಅಡಿಗೆ 12 ಅಡಿ, ಹಿಂಬದಿಯಲ್ಲಿ ಆರೂವರೆ ಅಡಿ ಎತ್ತರ. ಮೂರು ಕಡೆ ಪೂರ್ತಿ ಗೋಡೆ, ಮುಂದೆ ಜಾಲರಿ. ಹಿಂದಿನ ಗೋಡೆಗೆ ಒರಗಿಸಿ ಏಣಿಯ ಹಾಗೆ ನಾಲ್ಕು ಹಂತದಲ್ಲಿ ಒಂದೂವರೆ ಇಂಚಿನ ಕಬ್ಬಿಣದ ಪೈಪು ಕೂರಿಸಿದ್ದೇನೆ. ಕೊನೆಯದು ನಾಲ್ಕೂವರೆ ಅಡಿಯಲ್ಲಿದೆ.

ಸಂಜೆಯಾದರೆ ಅರ್ಧಕ್ಕರ್ಧ ಹಕ್ಕಿಗಳು ಒಳಗೆ ಬರುವುದೇ ಇಲ್ಲ, ಶೀಟಿನ ಮೇಲೆ ಹತ್ತಿ ಕೂರುತ್ತವೆ. ಒಳಗೆ ಬಂದವು ಮೇಲಿನ ಪೈಪಿಗಾಗಿ ಕಚ್ಚಾಡುತ್ತವೆ, ಕೆಳಗಿನ ಎರಡು ಖಾಲಿ. ಈಗ ದೊಡ್ಡ ಹುಂಜ ಬಲಗಾಲು ಊರದೆ ನಡೆಯುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬೇರೆ. ಪೈಪಿನ ಎತ್ತರ ಹೆಚ್ಚಿಸಿದರೆ ಎಲ್ಲವೂ ಒಳಗೆ ಬರುತ್ತವೆಯೇ?

ಗರಿಗೆದರಿ:
ದಯವಿಟ್ಟು ಹೆಚ್ಚಿಸಬೇಡಿ ಸರ್. ಮೊದಲು ಹುಂಜದ ಪಾದ ತಿರುಗಿಸಿ ನೋಡಿ. ಅಂಗಾಲಿನ ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದೆಯಾ? ಇದ್ದರೆ ಎತ್ತರದಿಂದ ಧೊಪ್ಪೆಂದು ಇಳಿದು ಚರ್ಮ ಒಡೆದು, ಒಳಗೆ ಸೋಂಕು ಹೊಕ್ಕಿರುವ ಸಾಧ್ಯತೆ ಹೆಚ್ಚು. ಕೀಲು ಬಿಸಿಯಾಗಿದ್ದರೆ ಅಥವಾ ಕೀವು ಕಂಡರೆ ಪಶುವೈದ್ಯರಿಗೆ ತೋರಿಸಿ, ಮನೆಯಲ್ಲೇ ಬ್ಲೇಡು ಹಾಕಲು ಹೋಗಬೇಡಿ.

ಹತ್ತುವುದಕ್ಕೆ ಟರ್ಕಿಗೆ ತೊಂದರೆಯಿಲ್ಲ, ಒಂದೊಂದೇ ಹಂತ ನೆಗೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಮಾತ್ರ ಆ ಹಂತಗಳನ್ನು ಬಳಸುವುದಿಲ್ಲ, ನೇರ ಹಾರುತ್ತದೆ. 14 ಕೆ.ಜಿ. ಹಕ್ಕಿ ನಾಲ್ಕೂವರೆ ಅಡಿಯಿಂದ ಮೆತ್ತಗೆ ಇಳಿಯಬೇಕಾದರೆ ರೆಕ್ಕೆ ಬಿಚ್ಚಿ ದೂರ ತೇಲಬೇಕು, ನಿಮ್ಮ ಶೆಡ್ಡಿನಲ್ಲಿ ಅಷ್ಟು ಜಾಗವಿಲ್ಲ. ಎದುರಿನ ಜಾಲರಿಗೆ ಬಡಿಯುತ್ತದೆ ಅಥವಾ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಆದ್ದರಿಂದ ಅಳತೆಯನ್ನು ಅತಿ ಭಾರದ ಹುಂಜ ಇಳಿಯುವ ಲೆಕ್ಕದಲ್ಲಿ ಇಡಬೇಕು.

ಏಣಿ ಕಿತ್ತುಹಾಕಿ. ನೆಲದಿಂದ ಒಂದೂವರೆ ಅಡಿಯಲ್ಲಿ ಎರಡು ಪಟ್ಟಿ, ಎರಡೂ ಒಂದೇ ಮಟ್ಟ. ಮೇಲಿನ ಜಾಗವೇ ಇಲ್ಲದಿದ್ದರೆ ಅದಕ್ಕಾಗಿ ಜಗಳವೂ ಇಲ್ಲ. ಗೋಡೆಯಿಂದ ಎರಡಡಿ ಬಿಡಿ, ಬಾಲದ ಗರಿ ಉಜ್ಜಿ ಮುರಿಯುವುದಿಲ್ಲ. ಪಟ್ಟಿಗಳ ನಡುವೆಯೂ ಎರಡಡಿ. ಹೇಂಟೆಗೆ 15 ಇಂಚು, ಹುಂಜಕ್ಕೆ ಎರಡಡಿ ಅಂತ ಹಿಡಿದರೆ ನಿಮಗೆ ಬೇಕಾದ್ದು ಸುಮಾರು 13 ಅಡಿ. 10 ಅಡಿಯ ಎರಡು ಪಟ್ಟಿ ಹಾಕಿದರೆ ಧಾರಾಳ. ಮುಂದೆ ಇಳಿಯುವ ಜಾಗದಲ್ಲಿ ಮರದ ಹೊಟ್ಟು ಅರ್ಧ ಅಡಿ ದಪ್ಪ ಇರಲಿ, ಅಲ್ಲಿ ಮೇವಿನ ತೊಟ್ಟಿ ಇಡಬೇಡಿ.

ಕಬ್ಬಿಣದ ಪೈಪು ಟರ್ಕಿಗೆ ಆಗಿಬರುವುದಿಲ್ಲ. ನುಣುಪು, ಮೇಲಾಗಿ ಇಷ್ಟು ಭಾರದ ಹಕ್ಕಿಯ ಎದೆಮೂಳೆ ಇಡೀ ರಾತ್ರಿ ಆ ಸಣ್ಣ ಕೊಳವೆಯ ಮೇಲೇ ಒತ್ತಿಕೊಂಡಿರುತ್ತದೆ. ಅಲ್ಲಿ ಗುಳ್ಳೆ ಏಳುತ್ತದೆ. ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪದ ಮರ ತಂದು ಅಗಲದ ಮುಖ ಮೇಲೆ ಮಾಡಿ ಕೂರಿಸಿ.

ಉಳಿಬಾಚಿ:
ಮೇಲಿನ ಮಾತಿಗೆ ಮರಗೆಲಸದವನ ಒಂದು ಸೇರಿಕೆ. ಹಲಗೆಯನ್ನು ಹೀಗೆ ಮಲಗಿಸಿದರೆ, ನಿಲ್ಲಿಸಿದಾಗ ಇರುವ ಗಡಸುತನದ ಕಾಲು ಭಾಗ ಮಾತ್ರ ಉಳಿಯುತ್ತದೆ. 10 ಅಡಿ ಉದ್ದಕ್ಕೆ ಬರೀ ಎರಡು ತುದಿಯ ಆಧಾರ ಸಾಲದು, ಜೋಲು ಬೀಳುತ್ತದೆ. ನಡುವೆ ಒಂದು ಕಂಬ ಕೊಡಿ. ಅಂಚು ಗುಂಡಗೆ ಹೆರೆಯಿರಿ.

ಹಿತ್ತಿಲಹುಂಜ:
ಪಾದ ನೋಡಿದೆ. ಹಕ್ಕಳೆ ಇದೆ, ಊತವೂ ಇದೆ. ನಾಳೆ ವೈದ್ಯರಲ್ಲಿಗೆ. ಪಟ್ಟಿ ಇಳಿಸುವುದು ಸರಿ, ಆದರೆ ಶೀಟಿನ ಮೇಲೆ ಕೂರುವ ಹಕ್ಕಿಗಳು ಒಂದೂವರೆ ಅಡಿಯ ಪಟ್ಟಿಗೆ ಬರುತ್ತವೆಯೇ? ರೆಕ್ಕೆ ಕತ್ತರಿಸಲೇ?

ಗರಿಗೆದರಿ:
ಬರಲು ಹಿಂಜರಿಯುತ್ತಿರುವುದು ಎತ್ತರದ ಕೊರತೆಯಿಂದ ಅಂತ ನನಗನಿಸುವುದಿಲ್ಲ. ಟರ್ಕಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು. ಮೂರು ಕಡೆ ಗೋಡೆಯಿರುವ ಶೆಡ್ಡಿನೊಳಗೆ ಹೊರಗಿಗಿಂತ ಮೊದಲೇ ಕತ್ತಲಾಗುತ್ತದೆ, ಹಾಗಾಗಿ ಆ ಹೊತ್ತಿಗೆ ಬಾಗಿಲು ಅವಕ್ಕೆ ಕಪ್ಪು ಗುಹೆ. ಎರಡು ಪಕ್ಕದ ಗೋಡೆಗಳ ಮೇಲ್ಭಾಗ ತೆಗೆದು ಜಾಲರಿ ಹಾಕಿ. ಸಂಜೆ ಒಳಗೊಂದು ಸಣ್ಣ ದೀಪ ಹಚ್ಚಿ, ದಿನದ ಕೊನೆಯ ಮೇವನ್ನು ಒಳಗೇ ಕೊಡಿ. ಹೊತ್ತು ಮುಳುಗುವ ಮುನ್ನ ಎರಡೂ ಕೈಯಲ್ಲಿ ಉದ್ದನೆ ಕೋಲು ಹಿಡಿದು ನಿಧಾನ ನಡೆಯಿರಿ, ಅಟ್ಟಿಸಿಕೊಂಡು ಓಡಬೇಡಿ. ಒಂದೆರಡು ವಾರ ಹೀಗೆ ಮಾಡಿದರೆ ಸಾಮಾನ್ಯವಾಗಿ ರೂಢಿಯಾಗುತ್ತದೆ. ಬಾಗಿಲು ಎಷ್ಟು ಅಗಲ? ಗರಿಗೆದರಿದ ಹುಂಜ ಇಕ್ಕಟ್ಟಿನ ಬಾಗಿಲಲ್ಲಿ ನಿಂತರೆ ಹಿಂದಿನವೆಲ್ಲ ಹೊರಗೇ ಉಳಿಯುತ್ತವೆ.

ರೆಕ್ಕೆಗರಿ ಕತ್ತರಿಸಿದರೆ ಹಗುರ ಹೇಂಟೆಗಳು ಮೇಲೆ ಹಾರುವುದು ಕಡಿಮೆಯಾದೀತು. ಆದರೆ ಹೇಗೋ ಹತ್ತಿ ಕೂತ ಹಕ್ಕಿ ಇಳಿಯುವಾಗ ರೆಕ್ಕೆಯ ಆಸರೆಯಿಲ್ಲದೆ ಇನ್ನೂ ಜೋರಾಗಿ ಬೀಳುತ್ತದೆ. ಶೀಟಿಗೆ ಹತ್ತಲು ಅವು ಬಳಸುವ ಬೇಲಿ, ಸೌದೆ ರಾಶಿ ಯಾವುದೆಂದು ನೋಡಿ ಅದನ್ನು ಸರಿಸುವುದು ವಾಸಿ.

ವಾಸನೆಯ ಮಾತು: ನಿಂತು ಮೂಸಿದರೆ ಪೂರ್ತಿ ಗೊತ್ತಾಗದು. ಹಕ್ಕಿಯ ತಲೆಯ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ಕಣ್ಣು ಉರಿದರೆ ಅಮೋನಿಯಾ ಅತಿಯಾಗಿದೆ. ಹಿಕ್ಕೆ ಒದ್ದೆಯಾದಷ್ಟೂ ಅದು ಹೆಚ್ಚು, ಆದ್ದರಿಂದ ನೀರಿನ ಪಾತ್ರೆ ಹೊಟ್ಟಿನ ಮೇಲೆ ಚೆಲ್ಲದಂತೆ ನೋಡಿ, ಪಟ್ಟಿಯ ಕೆಳಗಿನದನ್ನು ಆಗಾಗ ಬಾಚಿ ತೆಗೆಯಿರಿ. ಗಾಳಿ ಕೂತ ಹಕ್ಕಿಗಳ ತಲೆಯ ಮೇಲಿನಿಂದ ಹಾಯಬೇಕು, ಮೈಗೆ ನೇರ ಬೀಸಬಾರದು. ಪಕ್ಕದ ಜಾಲರಿ ಐದಡಿಯಿಂದ ಮೇಲಕ್ಕೆ ಇದ್ದರೆ ಎರಡೂ ಕೆಲಸ ಆಗುತ್ತದೆ.

ಹಿತ್ತಿಲಹುಂಜ:
ಬಾಗಿಲು ಒಂದೂವರೆ ಅಡಿ. ಮೊದಲು ನಾಟಿ ಕೋಳಿಗಳಿದ್ದ ಶೆಡ್ಡು ಇದು, ಅವುಗಳ ಬಾಗಿಲೇ.

ಗರಿಗೆದರಿ:
ಬಾಗಿಲು ಮೂರಡಿ ಮಾಡಿ. ಆದರೆ ನಾಟಿ ಕೋಳಿ ಅಂದಿರಲ್ಲ, ಅದು ಬಾಗಿಲಿಗಿಂತ ದೊಡ್ಡ ವಿಷಯ. ಬ್ಲ್ಯಾಕ್‌ಹೆಡ್ ರೋಗದ ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ ಕೋಳಿಯ ಕುರುಡುಕರುಳಿನ ಹುಳುವಿನ ಮೊಟ್ಟೆಯೊಳಗೆ ಅಡಗಿರುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಎರೆಹುಳುವಿನೊಳಗೂ ಇರುತ್ತದೆ. ಕೋಳಿ ಸಾಮಾನ್ಯವಾಗಿ ಆರಾಮಾಗಿಯೇ ಇರುತ್ತದೆ, ಟರ್ಕಿ ಸಾಯುತ್ತದೆ. ಹಳೇ ಹೊಟ್ಟು, ಮೇಲ್ಮಣ್ಣು ತೆಗೆದು ದೂರ ಹಾಕಿ. ಕೋಳಿಗಳು ಇನ್ನೂ ಇದ್ದರೆ ಅವುಗಳ ಓಡಾಟ ಬೇರೆ ಕಡೆಯೇ ಇರಲಿ. ಜೋಲು ರೆಕ್ಕೆ, ಗಂಧಕದ ಹಳದಿ ಬಣ್ಣದ ಹಿಕ್ಕೆ ಕಂಡ ದಿನವೇ ವೈದ್ಯರಿಗೆ ಹೇಳಿ. ನಾಳೆ ಹೋದಾಗ ಜಂತುಹುಳುವಿನ ಪರೀಕ್ಷೆಗೂ ಹಿಕ್ಕೆ ಒಯ್ಯಿರಿ.

ಹಿತ್ತಿಲಹುಂಜ:
ಒಯ್ಯುತ್ತೇನೆ. ಮರಕ್ಕೆ ವಾರ್ನಿಷ್ ಬಳಿಯಲೇ?

ಉಳಿಬಾಚಿ:
ಬೇಡ, ಜಾರುತ್ತದೆ. ಮೊಳೆ ಹೊಡೆದೂ ಕೂರಿಸಬೇಡಿ. ಕಂಬದ ತಲೆಗೆ ಯು ಆಕಾರದ ಹಿಡಿಕೆ ಹಾಕಿ, ಪಟ್ಟಿ ಅದರಲ್ಲಿ ಬಿಗಿಯಾಗಿ ಕೂತಿರಲಿ, ಬೇಕೆಂದಾಗ ಎತ್ತಿ ತೆಗೆಯುವಂತಿರಲಿ. ಕೆಂಪು ಉಣ್ಣಿಗಳು ಹಗಲಲ್ಲಿ ಅಡಗುವುದು ಪಟ್ಟಿಯ ತುದಿಯ ಸಂದಿಯಲ್ಲೇ. ಎತ್ತಿದರೆ ಕಾಣುತ್ತವೆ, ಉಜ್ಜಿ ತೊಳೆದು ಬಿಸಿಲಿಗೆ ಇಡಬಹುದು.