ಗೋಮೇಧಿಕವೆಂದು ತಂದ ಕಲ್ಲಿನಲ್ಲಿ ಹಿಂಬದಿಯ ಅಂಚುಗಳು ಜೋಡಿಯಾಗಿ ಕಾಣುತ್ತಿವೆ: ಪೆರಿಡಾಟ್ ಇರಬಹುದೇ, ಸಿನ್ಹಲೈಟ್ ಇರಬಹುದೇ?

ಹರಳುಗಣ್ಣು (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಶ್ರೀಲಂಕಾ ಪ್ರವಾಸಕ್ಕೆ ಹೋಗಿದ್ದಾಗ ರತ್ನಪುರದಲ್ಲಿ ಗೋಮೇಧಿಕವೆಂದು ಒಂದು ಕಲ್ಲನ್ನು ಕೊಂಡು ತಂದರು. ರಾಹುವಿನ ಉಂಗುರಕ್ಕೆ ಕೂರಿಸುವ ಮೊದಲು ಒಮ್ಮೆ ನೋಡಿಕೊಡು ಎಂದು ನನ್ನ ಕೈಗೆ ಕೊಟ್ಟಿದ್ದಾರೆ. ಹಳದಿ ಬೆರೆತ ಕಂದು ಬಣ್ಣ, ಒಳಗೆ ಬಹಳ ನಿರ್ಮಲವಾಗಿದೆ. ಹತ್ತು ಪಟ್ಟಿನ ಮಸೂರದಲ್ಲಿ ಮೇಲಿನಿಂದ ನೋಡಿದರೆ ಹಿಂಬದಿಯ ಮುಖಗಳ ಅಂಚುಗಳು ಸ್ಪಷ್ಟವಾಗಿ ಜೋಡಿ ಗೆರೆಗಳಾಗಿ ಕಾಣುತ್ತವೆ. ಗೋಮೇಧಿಕದಲ್ಲಿ ಹೀಗಾಗಬಾರದು ಎಂದು ಓದಿದ್ದೇನೆ.

ನನ್ನಲ್ಲಿರುವುದು 0.01 ಗ್ರಾಂ ತೋರಿಸುವ ತಕ್ಕಡಿ. ಗಾಳಿಯಲ್ಲಿ ತೂಕ 0.43 ಗ್ರಾಂ. ನೀರಿನಲ್ಲಿ ಒಮ್ಮೆ 0.30, ಇನ್ನೊಮ್ಮೆ 0.31. ಗಾಳಿಯ ತೂಕವನ್ನು ನೀರಿನಲ್ಲಿ ಕಳೆದುಕೊಂಡ ತೂಕದಿಂದ ಭಾಗಿಸಿದರೆ ಸಾಂದ್ರತೆ ಒಮ್ಮೆ 3.31, ಇನ್ನೊಮ್ಮೆ 3.58 ಬರುತ್ತದೆ. ಕಲ್ಲು ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.67 ಮತ್ತು 1.70ರ ಸುತ್ತ ಎರಡು ಮಸುಕಾದ ನೆರಳಂಚುಗಳು ಕಂಡವು. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಕೈ ಸ್ಪೆಕ್ಟ್ರೋಸ್ಕೋಪಿನಲ್ಲಿ ಮೊಬೈಲ್ ಟಾರ್ಚಿನ ಬೆಳಕಿಗೆ ನೋಡಿದರೆ ನೀಲಿಯ ಕಡೆ ಕತ್ತಲೆಯೊಂದು ಬಿಟ್ಟರೆ ಏನೂ ತಿಳಿಯುತ್ತಿಲ್ಲ. ಖಡೇಬಜಾರಿನಲ್ಲಿ ನಮಗೆ ಪರಿಚಿತರಾದ ಪತ್ತಾರರು ಪೆರಿಡಾಟ್ ಇದ್ದೀತು ಎನ್ನುತ್ತಾರೆ. ಮುಂದೆ ಏನು ಮಾಡಬೇಕು?

ಕೃಷ್ಣಾತೀರ (ಬಾಗಲಕೋಟೆ):

ಅಂಚುಗಳು ಜೋಡಿಯಾಗಿದ್ದರೆ ಗೋಮೇಧಿಕ ಅಲ್ಲವೇ ಅಲ್ಲ. ಗೋಮೇಧಿಕವೆಂದರೆ ಗಾರ್ನೆಟ್ ಜಾತಿಯ ಹೆಸೊನೈಟ್. ಬೆಳಕನ್ನು ಎರಡಾಗಿ ಒಡೆಯುವುದಿಲ್ಲ, ವಕ್ರೀಭವನ ಸೂಚ್ಯಂಕ (ರಿಫ್ರ್ಯಾಕ್ಟೋಮೀಟರಿನ ಅಂಕಿ) 1.74ರ ಸುತ್ತ ಒಂದೇ. ಒಳಗೆ ಪಾಕ ಕಲಕಿದಂತಹ ಸುಳಿಗಳೂ ಇರುತ್ತವೆ. ಕಂದು ಜಿರ್ಕಾನ್ ಇರಬಹುದೇ ಸರ್? ಅದರಲ್ಲೂ ಅಂಚುಗಳು ಜೋಡಿಯಾಗಿಯೇ ಕಾಣುತ್ತವೆ.

ಬಸಾಲ್ಟ್ ಮೇಷ್ಟ್ರು (ವಿಜಯಪುರ):

ಸಾಮಾನ್ಯವಾಗಿ ಸಿಗುವ ಜಿರ್ಕಾನ್‌ನ ಸೂಚ್ಯಂಕ 1.92ರಿಂದ ಮೇಲೆ. ನಮ್ಮ ರಿಫ್ರ್ಯಾಕ್ಟೋಮೀಟರುಗಳ ಮಿತಿ 1.81. ಆದ್ದರಿಂದ ಜಿರ್ಕಾನ್ ಇಟ್ಟರೆ ಅಂಚೇ ಕಾಣುವುದಿಲ್ಲ. ಅದರ ಸಾಂದ್ರತೆಯೂ 4.6 ದಾಟುತ್ತದೆ. ಕ್ರೈಸೋಬೆರಿಲ್ ಕೂಡ ಹೊರಗುಳಿಯಿತು: ಅದರ ಅಂಕಿ 1.75ರ ಸುತ್ತ, ಎರಡು ಅಂಚುಗಳ ನಡುವಿನ ಅಂತರ 0.01ಕ್ಕಿಂತ ಕಡಿಮೆ. ಮುಖ್ಯವಾಗಿ ಉಳಿದವು ನೀವು ಕೇಳಿದ ಎರಡು, ಪೆರಿಡಾಟ್ ಮತ್ತು ಸಿನ್ಹಲೈಟ್.

ಇವೆರಡನ್ನೂ ಬೇರ್ಪಡಿಸುವುದು ರತ್ನಶಾಸ್ತ್ರದ ಹಳೆಯ ತೊಡಕು. ಈಗ ಸಿನ್ಹಲೈಟ್ ಎನ್ನುವ ಶ್ರೀಲಂಕಾದ ಕಂದು ಕಲ್ಲುಗಳು 1952ರವರೆಗೆ ವಸ್ತುಸಂಗ್ರಹಾಲಯಗಳಲ್ಲಿಯೂ ಕಂದು ಪೆರಿಡಾಟ್ ಎಂಬ ಹೆಸರಿನಲ್ಲೇ ಇದ್ದವು. ಆ ವರ್ಷ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಕ್ಲಾರಿಂಗ್‌ಬುಲ್ ಮತ್ತು ಹೇ ಎಂಬ ಖನಿಜತಜ್ಞರು ಎಕ್ಸ್‌ರೇ ಮತ್ತು ರಾಸಾಯನಿಕ ವಿಶ್ಲೇಷಣೆ ಮಾಡಿ, ಇದರಲ್ಲಿ ಸಿಲಿಕಾನ್ ಇಲ್ಲ, ಇದು ಮೆಗ್ನೀಷಿಯಂ ಮತ್ತು ಅಲ್ಯೂಮಿನಿಯಂನ ಬೋರೇಟ್ ಎಂದು ತೋರಿಸಿದರು. ಪೆರಿಡಾಟ್ ಮೆಗ್ನೀಷಿಯಂನ ಸಿಲಿಕೇಟ್. ವಿಚಿತ್ರವೆಂದರೆ ಎರಡರಲ್ಲೂ ಪರಮಾಣುಗಳ ಜೋಡಣೆಯ ವಿನ್ಯಾಸ ಒಂದೇ; ಸಿಲಿಕಾನ್ ಇರಬೇಕಾದ ಜಾಗದಲ್ಲಿ ಬೋರಾನ್, ಅರ್ಧದಷ್ಟು ಮೆಗ್ನೀಷಿಯಂನ ಜಾಗದಲ್ಲಿ ಅಲ್ಯೂಮಿನಿಯಂ. ಹಾಗಾಗಿಯೇ ಅಂಕಿಗಳು ಇಷ್ಟು ಹತ್ತಿರ. ಪೆರಿಡಾಟ್‌ನ ಸೂಚ್ಯಂಕ ಸುಮಾರು 1.654ರಿಂದ 1.690, ಸಿನ್ಹಲೈಟ್‌ನದು ಸುಮಾರು 1.668ರಿಂದ 1.707. ದ್ವಿವಕ್ರೀಭವನ, ಅಂದರೆ ದೊಡ್ಡ ಮತ್ತು ಚಿಕ್ಕ ಸೂಚ್ಯಂಕಗಳ ಅಂತರ, ಎರಡರಲ್ಲೂ 0.036ರ ಆಸುಪಾಸು. ಕಬ್ಬಿಣದ ಅಂಶ ಹೆಚ್ಚಾದಂತೆ ಪೆರಿಡಾಟ್‌ನ ಸೂಚ್ಯಂಕವೂ ಸಾಂದ್ರತೆಯೂ ಮೇಲೇರುತ್ತವೆ ಎಂಬುದನ್ನು ಮರೆಯಬೇಡಿ. ಆದ್ದರಿಂದ ಯಾವುದೇ ಒಂದು ಅಂಕಿಯನ್ನು ಹಿಡಿದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ತಕ್ಕಡಿ. ನಿಮ್ಮ ಕಲ್ಲು ಎರಡು ಕ್ಯಾರಟ್ಟಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಚಿಕ್ಕ ಕಲ್ಲು ನೀರಿನಲ್ಲಿ ಕಳೆದುಕೊಳ್ಳುವ ತೂಕ 0.12 ಗ್ರಾಂ ಮಾತ್ರ. ಅದನ್ನು 0.01ರ ತಕ್ಕಡಿಯಲ್ಲಿ ಅಳೆದರೆ ಕೊನೆಯ ಅಂಕಿ ಒಂದು ಹೆಜ್ಜೆ ಆಚೀಚೆ ಆದಾಗ ಉತ್ತರ 3.31ರಿಂದ 3.58ಕ್ಕೆ ಜಿಗಿಯುತ್ತದೆ. ಪೆರಿಡಾಟ್‌ನ 3.34 ಮತ್ತು ಸಿನ್ಹಲೈಟ್‌ನ 3.48 ಎರಡೂ ಆ ಜಿಗಿತದ ಒಳಗೇ ಬಿದ್ದುಹೋಗುತ್ತವೆ. ನಿಮ್ಮ ಪತ್ತಾರರ ಬಳಿ ಮಿಲಿಗ್ರಾಂ ತಕ್ಕಡಿ ಇದ್ದೇ ಇರುತ್ತದೆ, ಅದರಲ್ಲಿ ತೂಗಿಸಿ. 0.430 ಗ್ರಾಮಿನ ಕಲ್ಲು ಪೆರಿಡಾಟ್ ಆಗಿದ್ದರೆ ನೀರಿನಲ್ಲಿ ಸುಮಾರು 129 ಮಿಲಿಗ್ರಾಂ ಕಳೆದುಕೊಳ್ಳಬೇಕು, ಸಿನ್ಹಲೈಟ್ ಆಗಿದ್ದರೆ ಸುಮಾರು 124. ಕುದಿಸಿ ಆರಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ, ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಮೃದುವಾದ ಕುಂಚದಿಂದ ಬಿಡಿಸಿ. ಕಲ್ಲನ್ನು ತೂಗುಹಾಕುವ ತಂತಿ ಆದಷ್ಟು ತೆಳ್ಳಗಿರಲಿ. ಒಂದು ಗುಳ್ಳೆ ಉಳಿದರೂ ಆ ಐದು ಮಿಲಿಗ್ರಾಮಿನ ವ್ಯತ್ಯಾಸ ಕೈತಪ್ಪುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ನೆರಳಂಚುಗಳ ಚಲನೆ. ಬಿಳಿ ಬೆಳಕಿನಲ್ಲಿ ಅಂಚಿಗೆ ಕಾಮನಬಿಲ್ಲಿನ ಬಣ್ಣ ಹತ್ತಿ ಮಸುಕಾಗುತ್ತದೆ; 589 ನ್ಯಾನೋಮೀಟರಿನ ಹಳದಿ ಬೆಳಕನ್ನು ಬಳಸಿ, ಕಣ್ಣಿನ ಬಳಿ ಪೋಲರಾಯ್ಡ್ ಹಾಳೆಯನ್ನು ತಿರುಗಿಸುತ್ತಾ ಒಂದೊಂದೇ ಅಂಚನ್ನು ಓದಿ. ಕಲ್ಲನ್ನು ಅದರ ಅಗಲವಾದ ಮುಖದ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಅರ್ಧ ಸುತ್ತು ಪೂರೈಸಿ, ಪ್ರತಿ ಸಲವೂ ಮೇಲಿನ ಅಂಕಿ ಮತ್ತು ಕೆಳಗಿನ ಅಂಕಿ ಬರೆದಿಡಿ. ಈ ಹರಳುಗಳಿಗೆ ಮೂರು ಸೂಚ್ಯಂಕಗಳಿವೆ. ಪೆರಿಡಾಟ್‌ನಲ್ಲಿ ನಡುವಿನದು ಹೆಚ್ಚುಕಡಿಮೆ ಮಧ್ಯದಲ್ಲೇ ಇದೆ. ಸಿನ್ಹಲೈಟ್‌ನಲ್ಲಿ ಅದು ಮೇಲಿನದಕ್ಕೆ ಬಹಳ ಹತ್ತಿರ, ಸುಮಾರು 1.698. ಹಾಗಾಗಿ ಸಿನ್ಹಲೈಟ್‌ನ ದೊಡ್ಡ ಅಂಕಿಯ ಅಂಚು ಸ್ವಲ್ಪವೇ ಅಲುಗಾಡುತ್ತದೆ, ಚಿಕ್ಕ ಅಂಕಿಯ ಅಂಚು ಮಾತ್ರ ಅರ್ಧ ದಾರಿಯನ್ನು ದಾಟಿ ದೂರ ಚಲಿಸುತ್ತದೆ. ಕಬ್ಬಿಣ ಹೆಚ್ಚಿರುವ ಪೆರಿಡಾಟ್ ಅಂಕಿಯಲ್ಲಿ ಸಿನ್ಹಲೈಟ್‌ಗೆ ಸಮೀಪಿಸಬಹುದು, ಈ ಚಲನೆಯನ್ನು ಅನುಕರಿಸಲಾರದು.

ಇನ್ನು ಸ್ಪೆಕ್ಟ್ರೋಸ್ಕೋಪ್. ಮೊಬೈಲಿನ ಟಾರ್ಚ್ ಬಿಳಿ ಎಲ್‌ಇಡಿ. ಅದರ ಬೆಳಕಿನಲ್ಲಿ 450 ನ್ಯಾನೋಮೀಟರಿನ ಸುತ್ತ ಒಂದು ಶಿಖರ, 480ರ ಸುತ್ತ ಒಂದು ಕಣಿವೆ. ನಿಮಗೆ ಬೇಕಾದ ಗೆರೆಗಳೆಲ್ಲ ಇರುವುದು ಅದೇ ಜಾಗದಲ್ಲಿ. ತಂತಿ ಕೆಂಪಗೆ ಕಾಯುವ ಹಳೆಯ ಬಲ್ಬಿನ ಟಾರ್ಚನ್ನೋ ಹ್ಯಾಲೊಜನ್ ದೀಪವನ್ನೋ ಹುಡುಕಿ. ಪೆರಿಡಾಟ್‌ಗೆ 493, 473, 453 ನ್ಯಾನೋಮೀಟರಿನಲ್ಲಿ ಮೂರು ಕಪ್ಪು ಪಟ್ಟಿಗಳು. ಸಿನ್ಹಲೈಟ್‌ನಲ್ಲಿ ಅವುಗಳನ್ನೇ ಹೋಲುವ ಪಟ್ಟಿಗಳ ನಡುವೆ 463ರಲ್ಲಿ ಹೆಚ್ಚಿನದೊಂದು ಇರುತ್ತದೆ. ಅದನ್ನು ಕಂಡರೆ ಸಂಶಯ ಬೇಡ.

ಗೀಚಿ ನೋಡುವ ಪರೀಕ್ಷೆ ಖಂಡಿತ ಬೇಡ. ಭಾರದ್ರವಗಳಲ್ಲಿ ಮುಳುಗಿಸುವ ವಿಧಾನವೂ ಮನೆಗೆ ಸಲ್ಲದು, ಡೈ-ಅಯೊಡೊಮೀಥೇನ್ ವಿಷಕಾರಿ.

ಕರಿನೆಲ (ವಿಜಯಪುರ):

ಸರ್, ಸಂಬಂಧಪಟ್ಟದ್ದೇ ಒಂದು ಪ್ರಶ್ನೆ. ನಮ್ಮ ಹೊಲದ ಬಾವಿ ತೋಡಿದಾಗ ಬಂದ ಕರಿಕಲ್ಲಿನಲ್ಲಿ ಹಸಿರು-ಕಂದು ಕಾಳುಗಳಿವೆ. ಅವು ಸಿನ್ಹಲೈಟ್ ಆಗುವ ಸಾಧ್ಯತೆ ಇದೆಯೇ?

ಬಸಾಲ್ಟ್ ಮೇಷ್ಟ್ರು (ವಿಜಯಪುರ):

ಇಲ್ಲ. ಸಿನ್ಹಲೈಟ್‌ಗೆ ಬೋರಾನ್ ಬೇಕು, ಅದರ ಜೊತೆಗೆ ಸಿಲಿಕಾ ಕಡಿಮೆ ಇರುವ, ಮೆಗ್ನೀಷಿಯಂ ತುಂಬಿದ ಸುಣ್ಣಕಲ್ಲು ಶಾಖಕ್ಕೆ ಸಿಕ್ಕಿ ರೂಪಾಂತರಗೊಳ್ಳಬೇಕು. ನಮ್ಮ ದಖನ್ ಬಸಾಲ್ಟ್ ಲಾವಾ ಆರಿ ಆದ ಶಿಲೆ, ಸಿಲಿಕಾ ಅದರಲ್ಲಿ ಧಾರಾಳ. ನಿಮ್ಮ ಕಾಳುಗಳು ಬಹುಮಟ್ಟಿಗೆ ಶಿಥಿಲವಾಗುತ್ತಿರುವ ಆಲಿವಿನ್, ಇಲ್ಲವೇ ಗುಳ್ಳೆಗಳಲ್ಲಿ ತುಂಬಿಕೊಂಡ ಹಸಿರು ಜೇಡಿ ಖನಿಜ. ಅದೇ ಗುಳ್ಳೆಗಳಲ್ಲಿ ಜಿಯೊಲೈಟ್, ಅಗೇಟ್ ಸಿಕ್ಕಾವು, ಅವನ್ನು ಒಡೆಯದೆ ಎತ್ತಿಡಿ. ಸಿನ್ಹಲೈಟ್‌ನ ಮುಖ್ಯ ನೆಲೆ ಶ್ರೀಲಂಕಾದ ರತ್ನಗಳಿರುವ ಜಲ್ಲಿ ಪದರ, ಅಲ್ಲಿಯವರು ಇಲ್ಲಂ ಎನ್ನುತ್ತಾರೆ. ನೀಲ, ಸ್ಪಿನೆಲ್, ಜಿರ್ಕಾನ್‌ಗಳ ಜೊತೆ ಉರುಟು ಕಲ್ಲಾಗಿ ಸಿಗುತ್ತದೆ, ಆಕಾರ ಕೆಡದ ಹರಳು ಅಪರೂಪ. ಮ್ಯಾನ್ಮಾರಿನ ಮೊಗೋಕ್, ತಾಂಜಾನಿಯ, ಮಡಗಾಸ್ಕರ್‌ಗಳಲ್ಲೂ ಅಲ್ಪಸ್ವಲ್ಪ ಸಿಕ್ಕಿದೆ.

ಹರಳುಗಣ್ಣು (ಬೆಳಗಾವಿ):

ಸರ್, ನೀವು ಹೇಳಿದಂತೆ ಎಲ್ಲವನ್ನೂ ನೋಡಿದೆ. ಪತ್ತಾರರ ತಕ್ಕಡಿಯಲ್ಲಿ ಗಾಳಿಯಲ್ಲಿ 0.430, ನೀರಿನಲ್ಲಿ 0.306. ಸಾಂದ್ರತೆ 3.47. ಹಳದಿ ಬೆಳಕಿನಲ್ಲಿ ಕೆಳಗಿನ ಅಂಕಿ 1.669ರಿಂದ 1.698ರವರೆಗೆ ಓಡುತ್ತದೆ, ಮೇಲಿನದು 1.701 ಮತ್ತು 1.707ರ ನಡುವೆಯೇ ಉಳಿಯುತ್ತದೆ. ಅಡುಗೆಮನೆಯ ಅಟ್ಟದಲ್ಲಿದ್ದ ಹಳೆಯ ಟಾರ್ಚಿನ ಬೆಳಕಿಗೆ ನಾಲ್ಕು ಪಟ್ಟಿಗಳು ಕಂಡವು, 463ರದು ತೆಳುವಾದರೂ ಇದೆ. ಪತ್ತಾರರೂ ಕಣ್ಣಿಟ್ಟು ನೋಡಿ ಒಪ್ಪಿದರು. ಮಾವನಿಗೆ ಏನು ಹೇಳಲಿ? ಉಂಗುರಕ್ಕೆ ಕೂರಿಸಬಹುದೇ?

ಬಸಾಲ್ಟ್ ಮೇಷ್ಟ್ರು (ವಿಜಯಪುರ):

ಬಹಳ ಸಂತೋಷವಾಯಿತು. ಮೂರು ಬೇರೆ ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿವೆ, ಇದು ಸಿನ್ಹಲೈಟ್. ಬರಹದ ಪ್ರಮಾಣಪತ್ರ ಬೇಕಿದ್ದರೆ ಬೆಂಗಳೂರು ಅಥವಾ ಮುಂಬೈನ ಪ್ರಯೋಗಾಲಯಕ್ಕೆ ಕಳುಹಿಸಿ, ಲೇಸರ್ ಬೆಳಕಿನ ಚದುರುವಿಕೆಯಿಂದ ಖನಿಜವನ್ನು ಗುರುತಿಸುವ ರಾಮನ್ ರೋಹಿತ ಪರೀಕ್ಷೆಯನ್ನೇ ಕೇಳಿ. ಎಕ್ಸ್‌ರೇ ಪ್ರತಿದೀಪ್ತಿ ಯಂತ್ರಕ್ಕೆ ಬೋರಾನ್‌ನಂತಹ ಹಗುರ ಧಾತು ಕಾಣುವುದಿಲ್ಲ. ಸಿಲಿಕಾನ್ ಇಲ್ಲ, ಅಲ್ಯೂಮಿನಿಯಂ ಇದೆ ಎಂಬಷ್ಟನ್ನು ಮಾತ್ರ ಅದು ಹೇಳಬಲ್ಲದು.

ಮಾವನವರಿಗೆ ಇದು ಗೋಮೇಧಿಕ ಅಲ್ಲ ಎಂದು ನೇರವಾಗಿಯೇ ಹೇಳಿ. ರಾಹುವಿಗಾಗಿ ಅವರಿಗೆ ಬೇಕಾದದ್ದು ಗೋಮೇಧಿಕವೇ ಆದರೆ ಅದನ್ನು ಬೇರೆಯಾಗಿ ಕೊಳ್ಳಲಿ, ಅದು ಸುಲಭವಾಗಿ ಸಿಗುವ ಕಲ್ಲು. ಈ ಸಿನ್ಹಲೈಟ್‌ನ ಗಡಸುತನ ಮೋಸ್ ಮಾಪಕದಲ್ಲಿ ಆರೂವರೆಯಿಂದ ಏಳು. ದಿನವೂ ತೊಡುವ ಉಂಗುರದಲ್ಲಿ ಧೂಳಿನ ಮರಳುಕಣಗಳಿಗೇ ಮುಖಗಳು ಸವೆಯುತ್ತವೆ. ಪದಕಕ್ಕೆ ಕೂರಿಸಬಹುದು, ಆದರೆ ಬೆಸುಗೆಯ ಬೆಂಕಿ ಮುಗಿದ ಮೇಲೆಯೇ ಕಲ್ಲನ್ನು ಪದಕದಲ್ಲಿ ಕೂರಿಸಬೇಕು ಎಂದು ಪತ್ತಾರರಿಗೆ ತಿಳಿಸಿ. ಮಾವನವರು ಒಪ್ಪಿದರೆ ಕೂರಿಸದೆ ಹಾಗೆಯೇ ಪುಟ್ಟ ಡಬ್ಬಿಯಲ್ಲಿಟ್ಟು, ರತ್ನಪುರದಲ್ಲಿ ಕೊಂಡದ್ದೆಂಬ ಚೀಟಿಯನ್ನೂ ನಿಮ್ಮ ಈ ಅಳತೆಗಳನ್ನೂ ಜೊತೆಗಿಡಿ.