ಆಟಿಯಲ್ಲಿ ಬಾವಿ ನೀರಿಗೆ ವಾಸನೆ: ಊರಿಗೆ ಎಸ್‌ಟಿಪಿ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಬ್ರಹ್ಮಾವರದ ಹತ್ತಿರ 35 ಮನೆಗಳ ಊರು. ಎಲ್ಲರಿಗೂ ಬಾವಿ ನೀರೇ. ಹೋದ ಆಟಿಯಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ನಮ್ಮದೂ ಸೇರಿ ನಾಲ್ಕು ಬಾವಿಗಳ ನೀರು ವಾಸನೆ ಬಂತು. ಮಗಳಿಗೆ ಒಂದು ವಾರ ಹೊಟ್ಟೆ ಸರಿ ಇರಲಿಲ್ಲ. ಪೇಟೆಯ ಹಾಗೆ ಮೋಟಾರಿನ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಹಾಕೋಣ ಅಂತ ಕೆಲವರು ಹೇಳ್ತಾರೆ. ನಮ್ಮ ಕಕ್ಕಸು ಗುಂಡಿ 15 ಅಡಿ ಆಳ, 20 ವರ್ಷದಲ್ಲಿ ಒಮ್ಮೆಯೂ ತುಂಬಿಲ್ಲ. ಹಾಗಾಗಿ ತೊಂದರೆ ನಮ್ಮಿಂದ ಅಲ್ಲ, ಅಲ್ವಾ?

ಉತ್ತರ: ಮೊದಲು ಒಂದು ಮಾತು. ಇವತ್ತಿನಿಂದಲೇ ನೀರು ಕುದಿಸಿ ಕುಡಿಯಿರಿ.

ನನಗೆ ಚಿಂತೆ ಆಗಿದ್ದು ಆ ತುಂಬದ ಗುಂಡಿ ನೋಡಿ. 20 ವರ್ಷ ತುಂಬಿಲ್ಲ ಅಂದರೆ ಒಳಗಿನದ್ದು ಎಲ್ಲಿಗೋ ಹೋಗುತ್ತಿದೆ. ನಮ್ಮ ನೆಲದಡಿ ಇರುವುದು ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಅಂಗಳದಲ್ಲಿ ಅದರ ತುಂಡು ಬಿದ್ದಿದ್ದರೆ ಕೈಗೆತ್ತಿಕೊಂಡು ನೋಡಿ, ಕಿರುಬೆರಳು ಹೋಗುವಷ್ಟು ತೂತು ಇರುತ್ತದೆ. ಮೇಲೆ ಒಂದು ಚೊಂಬು ನೀರು ಹೊಯ್ದರೆ ಕೆಳಗೆ ಸುರಿಯುತ್ತದೆ. ಮಣ್ಣು ಸೋಸುತ್ತದೆ, ಈ ಕಲ್ಲು ಸೋಸುವುದಿಲ್ಲ. ಕೆಳಗೆ ಶೇಡಿ ಮಣ್ಣು (ನುಣುಪಾದ ಜೇಡಿ) ಸಿಕ್ಕಿದರೆ ನೀರು ಇನ್ನೂ ಇಳಿಯಲಾರದೆ ಅದರ ಮೇಲೆಯೇ ಅಡ್ಡ ಹರಿದು ಬಾವಿ ಸೇರುತ್ತದೆ. ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ. ಆಟಿಯಲ್ಲಿ ಬಾವಿಯ ನೀರು ಬಗ್ಗಿ ಚೊಂಬಲ್ಲಿ ತೆಗೆಯುವಷ್ಟು ಮೇಲೆ ಬರುತ್ತದೆ. ಆಗ ನಿಮ್ಮ 15 ಅಡಿ ಗುಂಡಿ ಅದೇ ನೀರಲ್ಲಿ ನಿಂತಿರುತ್ತದೆ. ಆಳ ತೋಡಿದಷ್ಟೂ ಒಳ್ಳೆಯದು ಅಂತ ನಮ್ಮ ಕಡೆ ನಂಬಿದ್ದಾರೆ. ಅದೇ ತಪ್ಪು.

ಎಸ್‌ಟಿಪಿ ನಾನು ಬೇಡ ಅನ್ನುತ್ತೇನೆ. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋದರೆ ಗಾಳಿ ಊದುವ ಬ್ಲೋವರ್ ನಿಲ್ಲುತ್ತದೆ, ಗಾಳಿ ಇಲ್ಲದೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ. ದಿನವೂ ನೋಡಿಕೊಳ್ಳುವವರು ಬೇಕು. ತೋಟದ ನಡುವೆ ಚದುರಿದ ಮನೆಗಳಿಗೆ ಪೈಪ್ ಎಳೆಯುವುದೇ ದೊಡ್ಡ ಖರ್ಚು.

ಮನೆಗೆ ಎರಡು ಗಿಡ್ಡ ಗುಂಡಿ ಮಾಡಿ, ಸುಮಾರು 4 ಅಡಿ ಆಳ ಸಾಕು. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ. ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ವಾಸನೆ ಇಲ್ಲದ ಗೊಬ್ಬರ ಆಗುತ್ತದೆ. ಬಾಯಿ ನೆಲಕ್ಕಿಂತ ಎತ್ತರ ಇರಲಿ, ಮಳೆ ನೀರು ನುಗ್ಗಬಾರದು. ಹಳೆಯ ಗುಂಡಿಯನ್ನು ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿ, ಮಣ್ಣು ತುಂಬಿಸಿ.

ಬಚ್ಚಲು ನೀರನ್ನು ಕಕ್ಕಸು ಗುಂಡಿಗೆ ಬಿಡಲೇಬೇಡಿ. ಸರ್ಕಾರದ ಜಲ ಜೀವನ್ ನೀರಿನ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, ಅದರಲ್ಲಿ ಹೆಚ್ಚಿನದು ಬಚ್ಚಲು, ಅಡುಗೆಮನೆಯಿಂದಲೇ ಹೊರಬೀಳುತ್ತದೆ. ಜಿಡ್ಡು ನಿಲ್ಲಲು ಒಂದು ಚಿಕ್ಕ ತೊಟ್ಟಿ, ಅಲ್ಲಿಂದ ಬಾಳೆ, ಕೆಸು, ಕಾಬಾಳೆಯ ಬುಡಕ್ಕೆ. ಅಜ್ಜಿಯಂದಿರು ಮಾಡುತ್ತಿದ್ದದ್ದೂ ಇದನ್ನೇ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಸೆಪ್ಟಿಕ್ ಟ್ಯಾಂಕ್ ಮೇಡಂ. ಹೊರಗೆ ಬರುವ ನೀರು ತಿಳಿಯಾಗಿದೆ, ತೋಡಿಗೆ (ಹಳ್ಳಕ್ಕೆ) ಬಿಟ್ಟಿದ್ದೇವೆ. ಪರವಾಗಿಲ್ವಾ?

ಉತ್ತರ: ಇಲ್ಲ, ದಯವಿಟ್ಟು ನಿಲ್ಲಿಸಿ. ಟ್ಯಾಂಕಿನಲ್ಲಿ ಗಟ್ಟಿ ಭಾಗ ಅಡಿಗೆ ಕೂರುತ್ತದೆ ಅಷ್ಟೇ, ರೋಗಾಣು ನೀರಿನ ಜೊತೆ ಹೊರಗೆ ಬರುತ್ತದೆ. ಆ ನೀರು ಜಲ್ಲಿ ತುಂಬಿದ, ಗಿಡ ನೆಟ್ಟ ಹಾಸಿನ ಮೂಲಕ ಹೋಗಿ ನೆಲಕ್ಕೆ ಇಂಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಿ, ಗಾಡಿಯಿಂದಲೇ. ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಗ್ಯಾಸ್‌ಗೆ ನಿಮಿಷದಲ್ಲಿ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ತಡೆಯುವ 2013ರ ಕಾನೂನು ಅದನ್ನು ನಿಷೇಧಿಸಿಯೂ ಇದೆ.

ಮೊದಲು ಕೇಳಿದವರು: ಬಾವಿಗೂ ಗುಂಡಿಗೂ 25 ಅಡಿ ಮಾತ್ರ ಇದೆ. ಬೇರೆ ಜಾಗ ಇಲ್ಲ. ಏನು ಮಾಡೋದು?

ಉತ್ತರ: ಮುರಕಲ್ಲಿನ ನೆಲದಲ್ಲಿ 50 ಅಡಿಗಿಂತ ಹತ್ತಿರ ನನಗೆ ಸಮಾಧಾನ ಇಲ್ಲ. ಬಾವಿಗಿಂತ ತಗ್ಗಿನಲ್ಲಿ ಪಕ್ಕದವರ ಜಾಗ ಇದ್ದರೆ ಇಬ್ಬರೂ ಸೇರಿ ಮಾಡಿಕೊಳ್ಳಿ. ಅದೂ ಆಗದಿದ್ದರೆ ಗುಂಡಿಯ ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪ ಮರಳು ತುಂಬಿ, ಆ ಮರಳು ಸೋಸುತ್ತದೆ. ಮುಂದಿನ ಆಟಿಯಲ್ಲಿ ಪಂಚಾಯತ್‌ನಿಂದ ನೀರು ಪರೀಕ್ಷೆಯ ಎಚ್‌ಟುಎಸ್ ಬಾಟಲಿ ತಂದು ಬಾವಿ ನೀರು ತುಂಬಿಸಿಡಿ. ಎರಡು ದಿನದೊಳಗೆ ಕಪ್ಪಾದರೆ ಕೊಳಕು ಇನ್ನೂ ಸೇರುತ್ತಿದೆ. ಗುಂಡಿ ಕೆಲಸ ಮೇ ತಿಂಗಳೊಳಗೆ ಮುಗಿಸಿ. ತೋಡುವ ಮೊದಲು ಬಾವಿ, ಮನೆ, ಇಳಿಜಾರು ಕಾಣುವ ಹಾಗೆ ಒಂದು ಫೋಟೋ ಇಲ್ಲಿ ಹಾಕಿ, ಜಾಗ ನೋಡಿ ಹೇಳುತ್ತೇನೆ.