ಟಬ್ಬಿನ ನೀರಾಗ ಮೂರು ಗರಿ ಬಾಲದ ಹುಳ ಅದಾವ, ಚೆಲ್ಲಬೇಕೇನ್ರಿ?

ಪ್ರಶ್ನೆ (ಕೋಥ್ರೂಡ್, ಪುಣೆ): ನಮಸ್ಕಾರ್ರಿ ಮೇಡಂ. ಟೆರೇಸ್ ಮ್ಯಾಲ ಎರಡು ವರ್ಷದಿಂದ ನೈದಿಲೆ ಟಬ್ ಇಟ್ಟೀನ್ರಿ. ಮಳಿ ಶುರು ಆದಾಗಿಂದ ಹಳದಿ ಬಾಲದ ಸಣ್ಣ ಏರೋಪ್ಲೇನ್ ಚಿಟ್ಟಿ ಜೋಡಿ ಜೋಡಿ ಬರಾಕತ್ತಾವ, ಒಂದು ಎಲಿ ಮ್ಯಾಲ ಕೂತಿದ್ರ ಇನ್ನೊಂದು ಅದರ ಕುತ್ತಿಗಿ ಹಿಡಕೊಂಡು ಕಡ್ಡಿ ನೆಟ್ಟಂಗ ನೆಟ್ಟಗ ನಿಂತಿರ್ತೈತಿ. ಮೊನ್ನೆ ಕೊಳೆತ ಎಲಿ ತೆಗಿಯೋವಾಗ ನೀರಾಗ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಹಿಂದ ಮೂರು ಗರಿ ಇದ್ದ ಹುಳ ಕಂಡ್ವು. ಡೆಂಗಿ ಚೆಕ್ ಮಾಡಾಕ ಬಂದವರು ನೀರು ಚೆಲ್ರಿ, ಇಲ್ಲಾಂದ್ರ ಎಣ್ಣಿ ಹಾಕ್ರಿ ಅಂದ್ರು. ಮಗಳು ಚೆಲ್ಲಬ್ಯಾಡ ಅಂತ ಅಳಾಕತ್ಯಾಳ. ಫೋಟೋ ಹಾಕೀನಿ ನೋಡ್ರಿ.

ಉತ್ತರ (ಕೀಟಶಾಸ್ತ್ರ ಕಲಿಸೋ ಮೇಡಂ): ನಿಮ್ಮ ಮಗಳು ಹೇಳಿದ್ದೇ ಸರಿ, ಚೆಲ್ಲಬೇಡಿ. ಎಣ್ಣೆ ಅಂತೂ ಬೇಡವೇ ಬೇಡ. ನೀರಲ್ಲಿರೋದು ಅದೇ ಹಳದಿ ಚಿಟ್ಟೆ ಮರಿ. ಇದು ಡ್ಯಾಮ್ಸೆಲ್‌ಫ್ಲೈ, ನಿಮ್ಮ ಮರಾಠಿ ಅಕ್ಕಪಕ್ಕದವರು ಟಾಚಣಿ ಅಂತಾರೆ, ಗುಂಡುಸೂಜಿ ಹಾಗೆ ತೆಳ್ಳಗಿರತ್ತಲ್ಲ ಅದಕ್ಕೆ. ದೊಡ್ಡ ಡ್ರ್ಯಾಗನ್‌ಫ್ಲೈ ರೆಕ್ಕೆ ಅಗಲಿಸಿ ಕೂರತ್ತೆ, ಇದು ಬೆನ್ನ ಮೇಲೆ ಮಡಚಿಕೊಂಡು ಕೂರತ್ತೆ. ಫೋಟೋದಲ್ಲಿ ಎದೆ ಹಸಿರು, ಹೊಟ್ಟೆ ನಿಂಬೆಹಣ್ಣಿನ ಹಳದಿ ಇರೋದ್ರಿಂದ ಸೆರಿಯಾಗ್ರಿಯಾನ್ ಕೋರಮಂಡೆಲಿಯಾನಮ್, ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1798ರಲ್ಲೇ ಹೆಸರಿಟ್ಟ ಜಾತಿ. ಸೀನಾಗ್ರಿಯೊನಿಡೆ ಅನ್ನೋ ಕುಟುಂಬದ್ದು, ಡ್ಯಾಮ್ಸೆಲ್‌ಫ್ಲೈಗಳಲ್ಲಿ ಅದೇ ಅತಿ ದೊಡ್ಡ ಕುಟುಂಬ, ಸಾವಿರಕ್ಕೂ ಹೆಚ್ಚು ಜಾತಿ ಇವೆ.

ನೆಟ್ಟಗೆ ನಿಂತಿರೋದು ಗಂಡು, ಕಾವಲಿಗೆ ನಿಂತಿದೆ. ಕೂಡೋವಾಗ, ತನ್ನ ವೀರ್ಯ ಬಿಡೋ ಮುಂಚೆ, ಬೇರೆ ಗಂಡು ಬಿಟ್ಟುಹೋದ ವೀರ್ಯವನ್ನ ಹೊರಗೆ ತೆಗೆದುಹಾಕೋ ಅಂಗ ಈ ಹುಳಗಳಲ್ಲಿ ಇರತ್ತೆ, ಬೇರೊಂದು ಡ್ಯಾಮ್ಸೆಲ್‌ಫ್ಲೈ ಕುಟುಂಬದಲ್ಲಿ 1979ರಲ್ಲಿ ಇದನ್ನ ಮೊದಲು ತೋರಿಸಿದ್ರು. ಹಾಗಾಗಿ ಮೊಟ್ಟೆ ಇಟ್ಟು ಮುಗಿಯೋವರೆಗೂ ಹೆಣ್ಣಿನ ಕುತ್ತಿಗೆ ಬಿಟ್ರೆ ಗಂಡಿಗೆ ನಷ್ಟ. ಹೆಣ್ಣು ಹೊಟ್ಟೆ ಬಗ್ಗಿಸಿ, ತುದಿಯಲ್ಲಿರೋ ಗರಗಸದಂಥ ಅಂಗದಿಂದ ಎಲೆ ದಂಟನ್ನ ಸೀಳಿ ಒಂದೊಂದೇ ಮೊಟ್ಟೆ ಒಳಗೆ ತೂರಿಸತ್ತೆ. ಇಲ್ಲೇ ನಿಮಗೊಂದು ಮಾತು, ಕೊಳೆತ ಎಲೆ ಅಂತ ಕಿತ್ತು ಕಸಕ್ಕೆ ಹಾಕಿದ್ರೆ ಮೊಟ್ಟೆನೂ ಅದರ ಜೊತೆ ಹೋಗತ್ತೆ, ಕಿತ್ತ ಎಲೆನ ಅದೇ ನೀರಲ್ಲಿ ಎರಡು ವಾರ ತೇಲೋಕೆ ಬಿಡಿ.

ಮೊಟ್ಟೆ ಒಡೆದು ಬಂದ ಮರಿ ಹತ್ತು ಹನ್ನೆರಡು ಸಲ ಪೊರೆ ಬಿಡತ್ತೆ, ರೇಷ್ಮೆ ಹುಳದ ಹಾಗೆ ಗೂಡು ಕಟ್ಟೋ ಹಂತ ಇಲ್ಲ. ಆ ಮೂರು ಗರಿ ಬಾಲ ಅಲ್ಲ, ಕಿವಿರು, ಅದನ್ನೇ ಅಲ್ಲಾಡಿಸಿ ಈಜತ್ತೆ. ಯಾರಾದ್ರೂ ಹಿಡಿದ್ರೆ ಕಳಚಿಕೊಂಡು ಓಡಿಹೋಗಿ ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಸಿಕೊಳ್ಳತ್ತೆ. ತಲೆ ಕೆಳಗೆ ಮಡಚಿಟ್ಟ ಕೈಯಂಥ ತುಟಿ ಇದೆ, ಸೊಳ್ಳೆ ಮರಿ ಹತ್ತಿರ ಬಂದ ಕೂಡಲೇ ಅದನ್ನ ಚಾಚಿ ಹಿಡಿದು ತಿನ್ನತ್ತೆ. ಬಿಳಿ ತಟ್ಟೆಲಿ ಸ್ವಲ್ಪ ನೀರು ಹಾಕಿ ಮಗಳಿಗೆ ತೋರಿಸಿ, ಆಮೇಲೆ ವಾಪಸ್ ಬಿಡಿ.

ಪ್ರಶ್ನೆ (ಇನ್ನೊಬ್ಬರು, ಠಾಣೆ): ಮೇಡಂ, ಹಾಗಾದ್ರೆ ಡೆಂಗಿ ಚೆಕ್ ಮಾಡೋವ್ರು ಹೇಳಿದ್ದು ತಪ್ಪಾ? ನಾನು ಡ್ರಮ್ಮಿಗೆ ಗಪ್ಪಿ ಮೀನು ಬಿಟ್ಟಿದೀನಿ, ಟಬ್ಬಿಗೂ ಬಿಡಬಹುದಾ?

ಉತ್ತರ: ಅವರು ಹೇಳಿದ್ದು ಡ್ರಮ್, ಕೂಲರ್, ಕುಂಡದ ಕೆಳಗಿನ ತಟ್ಟೆಗೆ ನೂರಕ್ಕೆ ನೂರು ಸರಿ, ಅದನ್ನೆಲ್ಲ ವಾರಕ್ಕೊಮ್ಮೆ ಚೆಲ್ಲಿ ಉಜ್ಜಲೇಬೇಕು, ಯಾಕಂದ್ರೆ ಡೆಂಗಿ ಸೊಳ್ಳೆ ವಾರ ಹತ್ತು ದಿನದಲ್ಲೇ ಮೊಟ್ಟೆಯಿಂದ ಹಾರೋ ಹಂತಕ್ಕೆ ಬರತ್ತೆ. ಟಾಚಣಿ ಮರಿಗೆ ತಿಂಗಳುಗಟ್ಟಲೆ ಬೇಕು, ಯುರೋಪಿನ ಚಳಿಯಲ್ಲಿ ಕೆಲವಕ್ಕೆ ಒಂದೆರಡು ವರ್ಷ. ಟಬ್ ಖಾಲಿ ಮಾಡಿದ್ರೆ ಸೊಳ್ಳೆ ಮುಂದಿನ ವಾರನೇ ವಾಪಸ್ ಬರತ್ತೆ, ಟಾಚಣಿ ಬರೋಕೆ ತಿಂಗಳುಗಳು ಬೇಕು. ಇವು ಇವೆ ಅಂತ ಸುಮ್ಮನೆ ಕೂರಬೇಡಿ, ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ, ಸೊಳ್ಳೆ ಮರಿ ಕಂಡ್ರೆ ಬಲೆಲಿ ತೆಗೀರಿ, ಜಾಸ್ತಿ ಆದ್ರೆ ಬಿಟಿಐ ಪುಡಿ ಹಾಕಿ, ಅದು ಸೊಳ್ಳೆ ಮತ್ತೆ ಅದರ ಹತ್ತಿರದ ಕೆಲವು ನೊಣಗಳ ಮರಿಗೆ ಮಾತ್ರ ತಾಗೋ ಬ್ಯಾಕ್ಟೀರಿಯಾ. ಗಪ್ಪಿ ಟಬ್ಬಿಗೆ ಬೇಡ, ಟಾಚಣಿಯ ಚಿಕ್ಕ ಮರಿಗಳನ್ನೂ ತಿಂದುಬಿಡತ್ತೆ. ಇನ್ನೊಂದು, ನೀರಿಂದ ಮೇಲೆ ಬರೋ ಹಾಗೆ ಒಂದೆರಡು ಕಡ್ಡಿ ನೆಡಿ, ಹತ್ತೋಕೆ ಆಸರೆ ಇಲ್ಲದಿದ್ರೆ ಬೆಳೆದ ಮರಿ ಪೊರೆ ಬಿಡೋಕಾಗದೆ ನೀರಲ್ಲೇ ಸಾಯತ್ತೆ.

ಪ್ರಶ್ನೆ (ಕೋಥ್ರೂಡ್, ಹನ್ನೊಂದು ದಿನದ ಮ್ಯಾಲ): ಮೇಡಂ, ಬಿದಿರು ಕಡ್ಡಿ ನೆಟ್ಟಿದ್ವಿ. ಇವತ್ತ ಮುಂಜಾನೆ ಕಡ್ಡಿಗೆ ಒಣಗಿದ ಹುಳ ಅಂಟಿಕೊಂಡೈತಿ, ಬೆನ್ನು ಸೀಳೈತಿ, ಒಳಗ ಬಿಳಿ ದಾರ ಜೋತಾಡಾಕತ್ತಾವ. ಸತ್ತೈತೇನ್ರಿ? ಹಳದಿ ಚಿಟ್ಟಿ ಎಲ್ಲೂ ಕಾಣವಲ್ದು.

ಉತ್ತರ: ಸತ್ತಿಲ್ಲ, ಹೊರಗೆ ಬಂದಿದೆ! ಅದು ಬಿಟ್ಟುಹೋದ ಪೊರೆ, ಬಿಳಿ ದಾರ ಅದರ ಉಸಿರುನಾಳಗಳ ಒಳಪದರ. ಹೊಸದಾಗಿ ಬಂದಿದ್ದು ಮಾಸಲು ಬಣ್ಣ ಇರತ್ತೆ, ರೆಕ್ಕೆ ಇನ್ನೂ ಮೆತ್ತಗಿರತ್ತೆ, ಅದಕ್ಕೆ ನೀರಿಂದ ದೂರ ಗಿಡಗಳ ಮಧ್ಯೆ ಕೆಲವು ದಿನ ಸೊಳ್ಳೆ ಗಿಳ್ಳೆ ಹಿಡ್ಕೊಂಡು ಬಲಿಯತ್ತೆ, ಹಳದಿ ಏರಿದ ಮೇಲೆ ನೀರಿಗೆ ಬರತ್ತೆ. ಪೊರೆನ ಹತ್ತಿ ಹಾಕಿದ ಬೆಂಕಿಪೊಟ್ಟಣದಲ್ಲಿ ಇಟ್ಕೊಳ್ಳೋಕೆ ಮಗಳಿಗೆ ಹೇಳಿ, ಕಡ್ಡಿ ಮಾತ್ರ ಕೀಳಬೇಡಿ.